ಕೆನಡಾದ ಹಳೆಯ ಪ್ರೂಫ್‌ಲೈಕ್ ನಾಣ್ಯ ಸೆಟ್‌ಗಳು: ಮೂಲ ಹೊದಿಕೆಯನ್ನು ತೆಗೆಯಬೇಕೇ, ಒಳಗಿನ ವೆರೈಟಿಯನ್ನು ಗುರುತಿಸುವುದು ಹೇಗೆ?

ಕಡಲತಡಿ (ಉಡುಪಿ) ಅವರ ಪ್ರಶ್ನೆ:

ನಮ್ಮ ದೊಡ್ಡಪ್ಪನವರು 1960ರ ದಶಕದಲ್ಲಿ ಒಂಟಾರಿಯೊದಲ್ಲಿ ಇಂಜಿನಿಯರ್ ಆಗಿದ್ದರು. ಅಲ್ಲಿ ಕೊಂಡ ನಾಣ್ಯಗಳನ್ನು ಊರಿಗೆ ತಂದು ಮರದ ಪೆಟ್ಟಿಗೆಯೊಂದರಲ್ಲಿ ಇಟ್ಟಿದ್ದರು. ಅವುಗಳನ್ನು ನೋಡಿಕೊಳ್ಳುವ ಹೊಣೆ ಈಗ ನನ್ನ ಮೇಲೆ ಬಿದ್ದಿದೆ. ಭಾರತದ ನಾಣ್ಯಗಳ ಬಗ್ಗೆ ನನಗೆ ಸಾಕಷ್ಟು ತಿಳಿದಿದೆ, ಆದರೆ ಕೆನಡಾದ ನಾಣ್ಯಗಳು ನನಗೆ ಹೊಸವು.

ಪೆಟ್ಟಿಗೆಯಲ್ಲಿ 1954 ಮತ್ತು 1955ನೇ ಇಸವಿಯ ತಲಾ ಒಂದು ಸೆಟ್ ಇದೆ. ಒಂದು ಸೆಂಟಿನಿಂದ ಒಂದು ಡಾಲರಿನವರೆಗಿನ ಆರು ನಾಣ್ಯಗಳನ್ನು ಆರು ತೂತುಗಳಿರುವ ಬಿಳಿ ರಟ್ಟಿನಲ್ಲಿ ಕೂರಿಸಿ, ಅದನ್ನು ಸೆಲೊಫೇನ್ ಲಕೋಟೆಯೊಳಗೆ ಇಡಲಾಗಿದೆ. ಲಕೋಟೆ ಹಳದಿಗಟ್ಟಿದೆ, ಮುಟ್ಟಿದರೆ ಮುರಿಯುವ ಹಾಗಿದೆ. ಬೆಳ್ಳಿ ನಾಣ್ಯಗಳ ಅಂಚಿನಲ್ಲಿ ಕಂದು ಮತ್ತು ನೀಲಿ ಬಣ್ಣದ ಉಂಗುರ ಮೂಡಿದೆ. 1965ರ ಎರಡು ಸೆಟ್‌ಗಳು ಮೆತ್ತನೆಯ ಪಾರದರ್ಶಕ ಹಾಳೆಯಲ್ಲಿ ಬೆಸೆದ ಸ್ಥಿತಿಯಲ್ಲಿವೆ. ಒಂದರಲ್ಲಿ ನಾಣ್ಯಗಳ ಮೇಲೆ ಹಾಲಿನಂಥ ಮಬ್ಬು ಕವಿದಿದೆ. 1967ರ ಸೆಟ್ ಒಂದು ಕೆಂಪು ಪೆಟ್ಟಿಗೆಯಲ್ಲಿದ್ದು, ಅದರಲ್ಲಿ ಬೆಳ್ಳಿಯ ಪದಕವೂ ಇದೆ. ಇವಲ್ಲದೆ ಬಿಡಿಯಾಗಿ ಮೆತ್ತನೆಯ ಪ್ಲಾಸ್ಟಿಕ್ ಫ್ಲಿಪ್ಪಿನಲ್ಲಿ (ನಾಣ್ಯವಿಡುವ ಪುಟ್ಟ ಮಡಿಕೆ ಲಕೋಟೆ) ಇಟ್ಟ 1947ರ 50 ಸೆಂಟಿನ ನಾಣ್ಯವೊಂದಿದೆ, ಅದರ ಮೇಲೆ ಹಸಿರು ಅಂಟು ಕಾಣಿಸುತ್ತಿದೆ.

ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಯಲ್ಲಿ ಎಷ್ಟು ತೇವವಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಈ ಹೊದಿಕೆಗಳನ್ನೆಲ್ಲ ತೆಗೆದು ನಾಣ್ಯಗಳನ್ನು ಹೊಸ ಹೋಲ್ಡರುಗಳಿಗೆ ಹಾಕುವುದು ಸರಿಯೇ, ಅಥವಾ ಹಾಗೆ ಮಾಡಿದರೆ ಸೆಟ್‌ನ ಮೌಲ್ಯ ಕುಗ್ಗುತ್ತದೆಯೇ? ಇವುಗಳಲ್ಲಿ ವಿಶೇಷ ವೆರೈಟಿ (ಒಂದೇ ಇಸವಿಯ ನಾಣ್ಯದಲ್ಲಿ ಅಚ್ಚಿನ ಸಣ್ಣ ವ್ಯತ್ಯಾಸವಿರುವ ಬಗೆ) ಇದ್ದರೆ ಅದನ್ನು ಕಂಡುಹಿಡಿಯುವುದು ಹೇಗೆ?

ಆಟವಾ ನಿವಾಸಿ ಅವರ ಉತ್ತರ:

ಸೆಟ್‌ಗಳ ಮೇಲೆ ಸದ್ಯಕ್ಕೆ ಕತ್ತರಿ ಆಡಿಸಬೇಡಿ. ಹಳೆಯ ಹೊದಿಕೆಗೆ ಎರಡು ಮುಖಗಳಿವೆ: ಒಳಗಿನ ನಾಣ್ಯ ಎಲ್ಲಿಂದ ಬಂತು ಎಂಬುದಕ್ಕೆ ಅದು ಸಾಕ್ಷಿ, ಅದೇ ಸಮಯದಲ್ಲಿ ಆ ನಾಣ್ಯವನ್ನು ನಿಧಾನವಾಗಿ ಕೆಡಿಸುವುದೂ ಅದೇ. ಯಾವ ಹೊದಿಕೆಯ ಸಾಕ್ಷಿಗೆ ಎಷ್ಟು ತೂಕ, ಯಾವುದರ ಹಾನಿ ಎಷ್ಟು ಎಂದು ಒಂದೊಂದನ್ನೂ ಬೇರೆಯಾಗಿ ಅಳೆದ ಮೇಲೆ ನಿರ್ಧಾರಕ್ಕೆ ಬರಬೇಕು.

ಆಟವಾದಲ್ಲಿರುವ ರಾಯಲ್ ಕೆನಡಿಯನ್ ಮಿಂಟ್ 1908ರಲ್ಲಿ ಲಂಡನ್ನಿನ ರಾಯಲ್ ಮಿಂಟಿನ ಶಾಖೆಯಾಗಿ ಆರಂಭವಾಯಿತು. 1950ರ ದಶಕದಲ್ಲಿ ಅದು ಸಂಗ್ರಾಹಕರಿಗಾಗಿ ಆಯ್ದ ಅಚ್ಚುಗಳನ್ನೂ ಹೊಳಪು ಕೊಟ್ಟ ಬಿಲ್ಲೆಗಳನ್ನೂ ಬಳಸಿ, ನಿಧಾನವಾಗಿ ಓಡುವ ಯಂತ್ರಗಳಲ್ಲಿ ನಾಣ್ಯಗಳನ್ನು ಮುದ್ರಿಸಿ ಸೆಟ್‌ಗಳಾಗಿ ಮಾರತೊಡಗಿತು. ಸಂಗ್ರಾಹಕರು ಪ್ರೂಫ್‌ಲೈಕ್ ಎಂದು ಕರೆಯುವುದು ಇವನ್ನೇ. ಕನ್ನಡಿಯಂಥ ಹಿನ್ನೆಲೆ, ಚೂಪಾದ ಅಂಚು, ಚೀಲದಲ್ಲಿ ಒಂದಕ್ಕೊಂದು ತಾಗಿದ ಗೀರುಗಳು ಇಲ್ಲದಿರುವುದು ಇವುಗಳ ಲಕ್ಷಣ. ಪೂರ್ಣ ಪ್ರೂಫ್ ಗುಣಮಟ್ಟದ, ಅಂದರೆ ಸಂಗ್ರಹಕ್ಕೆಂದೇ ಇನ್ನೂ ಹೆಚ್ಚು ಎಚ್ಚರದಿಂದ ಮುದ್ರಿಸಿದ ಸೆಟ್‌ಗಳನ್ನು ಟಂಕಸಾಲೆ ಪ್ರತಿವರ್ಷ ಪ್ರತ್ಯೇಕವಾಗಿ ಮಾರಲು ಆರಂಭಿಸಿದ್ದು 1981ರಲ್ಲಿ. ಹಾಗಾಗಿ 1950 ಮತ್ತು 1960ರ ದಶಕಗಳ ಸಂಗ್ರಾಹಕನ ಮಟ್ಟಿಗೆ ಪ್ರೂಫ್‌ಲೈಕ್ ಸೆಟ್ಟೇ ಮುಖ್ಯವಾದ ವಸ್ತು.

1960ರವರೆಗಿನ ಸೆಟ್‌ಗಳು ನಿಮ್ಮಲ್ಲಿರುವಂಥ ಬಿಳಿ ರಟ್ಟಿನಲ್ಲಿ ಬಂದವು. 1961ರಿಂದ ಅವುಗಳನ್ನು ಪಾರದರ್ಶಕ ಹಾಳೆಯಲ್ಲಿ, ಪ್ರತಿ ನಾಣ್ಯಕ್ಕೂ ಒಂದು ಮನೆಯಿರುವಂತೆ ಬಿಸಿಯಿಂದ ಬೆಸೆದು ಕೊಟ್ಟರು; ಈ ಹಾಳೆಯನ್ನು ಸಂಗ್ರಾಹಕರು ಪ್ಲಿಯೋಫಿಲ್ಮ್ ಎನ್ನುತ್ತಾರೆ. ಸಾಕ್ಷ್ಯದ ದೃಷ್ಟಿಯಿಂದ ಎರಡಕ್ಕೂ ಬಹಳ ಅಂತರವಿದೆ. ರಟ್ಟಿನಿಂದ ನಾಣ್ಯವನ್ನು ಬೆರಳಲ್ಲಿ ಒತ್ತಿ ಹೊರತೆಗೆದು ಅದೇ ಇಸವಿಯ ಸಾಮಾನ್ಯ ನಾಣ್ಯವನ್ನು ಕೂರಿಸಿದರೂ ಗುರುತು ಸಿಗುವುದಿಲ್ಲ. ಆದ್ದರಿಂದ ರಟ್ಟಿನ ಸೆಟ್ಟನ್ನು ನೋಡುವಾಗ ಆರೂ ನಾಣ್ಯಗಳಿಗೆ ಒಂದೇ ಬಗೆಯ ಹೊಳಪಿದೆಯೇ ಎಂಬುದನ್ನು ಮೊದಲು ಗಮನಿಸಬೇಕು. ಬೆಸೆದ ಹಾಳೆಯನ್ನಾದರೋ ಕತ್ತರಿಸದೆ ನಾಣ್ಯ ಬದಲಿಸಲು ಆಗುವುದಿಲ್ಲ. ಹೊಲಿಗೆಯಂಥ ಆ ಬೆಸುಗೆ ಅಖಂಡವಾಗಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಆದರೂ 1965ರ ಸೆಟ್‌ಗಳು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಅವು ಇಂದಿಗೂ ಧಾರಾಳವಾಗಿ ಸಿಗುತ್ತವೆ, ಬಹುಪಾಲು ಸೆಟ್‌ಗಳ ಬೆಲೆ ಒಳಗಿನ ಬೆಳ್ಳಿಯನ್ನೇ ಅನುಸರಿಸುತ್ತದೆ. ಆಗಿನ 10, 25, 50 ಸೆಂಟು ಮತ್ತು ಡಾಲರ್ ನಾಣ್ಯಗಳಲ್ಲಿ ಶೇ 80ರಷ್ಟು ಬೆಳ್ಳಿ ಇರುತ್ತಿದ್ದುದರಿಂದ ಒಂದು ಸೆಟ್‌ನಲ್ಲಿ ಒಟ್ಟು ಸುಮಾರು 34.5 ಗ್ರಾಂ ಶುದ್ಧ ಬೆಳ್ಳಿ ಸಿಗುತ್ತದೆ. ಹೀಗಾಗಿ ಮಬ್ಬು ಕವಿದ ಸೆಟ್ಟನ್ನು ತೆರೆಯುವುದರಿಂದ ದೊಡ್ಡ ನಷ್ಟವೇನೂ ಆಗದು. ಆದರೆ ಅದಕ್ಕೆ ಮೊದಲು ಡಾಲರಿನ ವೆರೈಟಿ ಯಾವುದು ಎಂದು ನೋಡಲೇಬೇಕು. 1967ರ ಕೆಂಪು ಪೆಟ್ಟಿಗೆಯನ್ನು ಹಾಗೆಯೇ ಉಳಿಸಿಕೊಳ್ಳಿ. ಅದು ಕೆನಡಾ ಒಕ್ಕೂಟದ ನೂರನೇ ವರ್ಷದ ಸ್ಮಾರಕ ಸೆಟ್. ಪಾರಿವಾಳ, ಮೊಲ, ಮ್ಯಾಕೆರೆಲ್ ಮೀನು, ಬಾಬ್‌ಕ್ಯಾಟ್, ಊಳಿಡುವ ತೋಳ, ಹಾರುವ ಹೆಬ್ಬಾತು, ಹೀಗೆ ಆರೂ ಚಿತ್ರಗಳನ್ನು ರಚಿಸಿದವರು ಚಿತ್ರಕಾರ ಅಲೆಕ್ಸ್ ಕೊಲ್ವಿಲ್. ಇಪ್ಪತ್ತು ಡಾಲರಿನ ಚಿನ್ನದ ನಾಣ್ಯವಿದ್ದ ಕಪ್ಪು ಪೆಟ್ಟಿಗೆಯ ಆವೃತ್ತಿ ಬೇರೆ. ನಿಮ್ಮಲ್ಲಿರುವುದು ಬೆಳ್ಳಿ ಪದಕದ್ದು.

ಭೂತಗನ್ನಡಿ ಅವರ ಉತ್ತರ:

ಹೊದಿಕೆಯ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ವೆರೈಟಿಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಿಮ್ಮ ಪೆಟ್ಟಿಗೆಯಲ್ಲಿರುವ ಇಸವಿಗಳು ಒಂದಕ್ಕಿಂತ ಒಂದು ಕುತೂಹಲಕರವಾಗಿವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು ಮತ್ತು ಪಕ್ಕದಿಂದ ಬೀಳುವ ಒಂದು ದೀಪ ಇದ್ದರೆ ಇವೆಲ್ಲವನ್ನೂ ಹೊದಿಕೆಯ ಮೂಲಕವೇ ನೋಡಬಹುದು.

ಮೊದಲು 1954ರ ಒಂದು ಸೆಂಟನ್ನು ನೋಡಿ. ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ 1953ರಲ್ಲಿ ಮೇರಿ ಗಿಲ್ಲಿಕ್ ರಚಿಸಿದ ಹೊಸ ಮುಖಚಿತ್ರ ನಾಣ್ಯಗಳ ಮೇಲೆ ಬಂತು. ಆದರೆ ಅದರ ಉಬ್ಬು ಹೆಚ್ಚಾಗಿದ್ದುದರಿಂದ ಮುದ್ರಣದಲ್ಲಿ ಮಧ್ಯಭಾಗ ಸರಿಯಾಗಿ ಮೂಡದೆ, ರಾಣಿಯ ಹೆಗಲ ಮೇಲಿನ ಬಟ್ಟೆಯ ಮಡಿಕೆ ಕಾಣಿಸುತ್ತಲೇ ಇರಲಿಲ್ಲ. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಥಾಮಸ್ ಶಿಂಗಲ್ಸ್ ಅದೇ ವರ್ಷ ಉಬ್ಬನ್ನು ತಗ್ಗಿಸಿ, ಹೆಗಲ ಗೆರೆಗಳನ್ನೂ ಕೂದಲನ್ನೂ ಗಟ್ಟಿಗೊಳಿಸಿದರು. ಹೀಗಾಗಿ 1953ರ ನಾಣ್ಯಗಳಲ್ಲಿ ಹೆಗಲ ಮಡಿಕೆ ಇಲ್ಲದ ಮತ್ತು ಇರುವ ಎರಡು ಬಗೆಗಳು ಉಂಟಾದವು. 1954ರ ಹೊತ್ತಿಗೆ ಹೊಸ ಅಚ್ಚೇ ರೂಢಿಯಾಗಿದ್ದರೂ ಆ ವರ್ಷದ ಕೆಲವು ಪ್ರೂಫ್‌ಲೈಕ್ ಸೆಟ್‌ಗಳ ಒಂದು ಸೆಂಟನ್ನು ಮಾತ್ರ ಹಳೆಯ ಅಚ್ಚಿನಿಂದ ಮುದ್ರಿಸಲಾಯಿತು. ಮಡಿಕೆಯಿಲ್ಲದ 1954ರ ಸೆಂಟು ಸೆಟ್‌ಗಳಲ್ಲಷ್ಟೇ ಸಿಗುತ್ತದೆ, ಚಲಾವಣೆಗೆ ಅದು ಬರಲಿಲ್ಲ. ಆದ್ದರಿಂದಲೇ ಅಂಥ ಸೆಂಟಿರುವ ಬಿಳಿ ರಟ್ಟಿಗೆ ಬೇರೆಯದೇ ಗೌರವ.

ಹೆಗಲನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಮುದ್ರಣ ಮಂದವಾಗಿದ್ದರೆ ಮಡಿಕೆ ಇದ್ದರೂ ಕಾಣದು. ಸುತ್ತಲಿನ ಬರಹದಲ್ಲಿರುವ ರೋಮನ್ ಅಕ್ಷರ ಐ ಯನ್ನು ನೋಡಿ. ಮಡಿಕೆಯಿಲ್ಲದ ಅಚ್ಚಿನಲ್ಲಿ ಆ ಅಕ್ಷರದ ಮೇಲ್ತುದಿ ಮತ್ತು ಕೆಳತುದಿ ಅಗಲವಾಗಿ ಹರಡಿಕೊಂಡು, ನಡು ಸಣ್ಣದಾಗಿರುತ್ತದೆ. ಮಡಿಕೆಯಿರುವುದರಲ್ಲಿ ಅದು ಹೆಚ್ಚುಕಡಿಮೆ ನೇರವಾದ ಕಂಬ. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಹೆಗಲನ್ನು ನೋಡುವ ಅಗತ್ಯವೇ ಬೀಳುವುದಿಲ್ಲ.

1955ರ ಸೆಟ್‌ನಲ್ಲಿ ಡಾಲರನ್ನು ನೋಡಬೇಕು. ಇಮಾನ್ಯುಯೆಲ್ ಹಾನ್ 1935ರಲ್ಲಿ ರಚಿಸಿದ ದೋಣಿಯ ಚಿತ್ರವೇ ಅದರ ಮೇಲಿದೆ. ದೋಣಿಯ ಎರಡೂ ತುದಿಗಳ ಬಳಿ ನೀರಿನ ಸಣ್ಣ ಗೆರೆಗಳಿರುತ್ತವೆ. ಅಚ್ಚನ್ನು ಅತಿಯಾಗಿ ಉಜ್ಜಿ ಹೊಳಪು ಕೊಟ್ಟಾಗ ಬಲತುದಿಯ ಗೆರೆಗಳು ಅಳಿಸಿಹೋಗಿ ಒಂದೂವರೆ ಗೆರೆಯಷ್ಟೇ ಉಳಿದ ನಾಣ್ಯಗಳನ್ನು ಆರ್ನ್‌ಪ್ರಯರ್ ಡಾಲರ್ ಎನ್ನುತ್ತಾರೆ. ಒಂಟಾರಿಯೊದ ಆರ್ನ್‌ಪ್ರಯರ್ ಪಟ್ಟಣದ ಸಂಸ್ಥೆಯೊಂದು 1955ರ ಡಿಸೆಂಬರಿನಲ್ಲಿ ತರಿಸಿಕೊಂಡ 2,000 ಬೆಳ್ಳಿ ಡಾಲರುಗಳಲ್ಲಿ ಈ ಬಗೆ ಮೊದಲು ಗಮನಕ್ಕೆ ಬಂದುದರಿಂದ ಆ ಹೆಸರು ನಿಂತಿತು. ಚಲಾವಣೆಯಲ್ಲಿ ಸವೆದು ಗೆರೆ ಮಾಸಿದ ಡಾಲರನ್ನು ಆರ್ನ್‌ಪ್ರಯರ್ ಎಂದು ಮಾರುವವರಿದ್ದಾರೆ. ಪ್ರೂಫ್‌ಲೈಕ್ ನಾಣ್ಯದಲ್ಲಿ ಸವಕಳಿಯ ಪ್ರಶ್ನೆಯೇ ಬಾರದ ಕಾರಣ ಗುರುತಿಸುವುದು ಸುಲಭ.

1965ರ ಡಾಲರಿನಲ್ಲಿ ಐದು ಬಗೆಗಳಿವೆ. ಆ ವರ್ಷ ಆರ್ನಾಲ್ಡ್ ಮೇಚಿನ್ ರಚಿಸಿದ ಕಿರೀಟಧಾರಿ ರಾಣಿಯ ಚಿತ್ರ ಬಂತು. ಅಂಚಿನ ಮಣಿಸಾಲು ಸಣ್ಣದು, ಮಧ್ಯಮ, ದೊಡ್ಡದು ಎಂದು ಮೂರು ಬಗೆಯಲ್ಲಿದ್ದರೆ, ಹಿಮ್ಮುಖದಲ್ಲಿ ಇಸವಿಯ 5ರ ಕೆಳತುದಿ ಚೂಪಾಗಿ ಇಲ್ಲವೇ ಮೊಂಡಾಗಿ ಇರುತ್ತದೆ. ಸಣ್ಣ ಮಣಿಯೊಂದಿಗೆ ಚೂಪು 5 ಮೊದಲ ಬಗೆ, ಸಣ್ಣ ಮಣಿಯೊಂದಿಗೆ ಮೊಂಡು 5 ಎರಡನೆಯದು, ದೊಡ್ಡ ಮಣಿಯೊಂದಿಗೆ ಮೊಂಡು 5 ಮೂರನೆಯದು, ದೊಡ್ಡ ಮಣಿಯೊಂದಿಗೆ ಚೂಪು 5 ನಾಲ್ಕನೆಯದು, ಮಧ್ಯಮ ಮಣಿಯೊಂದಿಗೆ ಚೂಪು 5 ಐದನೆಯದು. ಮೊದಲ ಮೂರು ಸಾಮಾನ್ಯ, ನಾಲ್ಕನೆಯದು ಸ್ವಲ್ಪ ಅಪರೂಪ, ಐದನೆಯದು ಎಲ್ಲಕ್ಕಿಂತ ವಿರಳ. ನಿಮ್ಮಲ್ಲಿ ಎರಡು ಸೆಟ್ ಇರುವುದು ಅನುಕೂಲವೇ ಆಯಿತು. ಮಣಿಯ ಗಾತ್ರವನ್ನು ಒಂದೇ ನಾಣ್ಯ ನೋಡಿ ಹೇಳುವುದು ಕಷ್ಟ. ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸವಿದ್ದಲ್ಲಿ ತಾನಾಗಿ ಕಾಣುತ್ತದೆ.

ಇನ್ನು 1947ರ ನಾಣ್ಯ. ಇದರ ಕಥೆಗೂ ನಮ್ಮ ದೇಶಕ್ಕೂ ನೇರ ಸಂಬಂಧವಿದೆ. ಆ ವರ್ಷದವರೆಗೆ ಕೆನಡಾದ ನಾಣ್ಯಗಳ ಮೇಲೆ ಆರನೇ ಜಾರ್ಜ್ ದೊರೆ ಎಂಬುದರ ಜೊತೆಗೆ ಭಾರತದ ಚಕ್ರವರ್ತಿ ಎಂಬ ಲ್ಯಾಟಿನ್ ಬಿರುದೂ ಸಂಕ್ಷಿಪ್ತವಾಗಿ ಇರುತ್ತಿತ್ತು. ಭಾರತ ಸ್ವತಂತ್ರವಾದ ಮೇಲೆ ಆ ಬಿರುದನ್ನು ತೆಗೆದ ಹೊಸ ಅಚ್ಚುಪಡಿಗಳು ಲಂಡನ್ನಿನಿಂದ ಬರಬೇಕಾಯಿತು, ಅವು ತಡವಾದವು. ಇತ್ತ ನಾಣ್ಯಗಳಿಗೆ ಬೇಡಿಕೆಯಿತ್ತು. ಆದ್ದರಿಂದ ಆಟವಾದವರು 1948ರಲ್ಲಿ ಹಳೆಯ ಬಿರುದಿನ ಅಚ್ಚಿನಿಂದಲೇ 1947 ಎಂಬ ಇಸವಿಯ ನಾಣ್ಯಗಳನ್ನು ಮುದ್ರಿಸುತ್ತ, ಇವು ನಂತರದ ವರ್ಷದವು ಎಂದು ತೋರಿಸಲು ಇಸವಿಯ ಪಕ್ಕದಲ್ಲಿ ಪುಟ್ಟ ಮೇಪಲ್ ಎಲೆಯೊಂದನ್ನು ಸೇರಿಸಿದರು. ಹೊಸ ಅಚ್ಚು ಬಂದ ಮೇಲೆ 1948ರ ಇಸವಿಯಲ್ಲಿ ಮುದ್ರಿಸಲು ಸಮಯ ಸ್ವಲ್ಪವೇ ಉಳಿದಿದ್ದುದರಿಂದ ಆ ವರ್ಷದ ಬೆಳ್ಳಿ ಡಾಲರುಗಳು ಕೇವಲ 18,780. ನಿಮ್ಮ 50 ಸೆಂಟಿನಲ್ಲಿ ಇಸವಿಯ ಪಕ್ಕ ಎಲೆ ಇದೆಯೇ, 7ರ ಕಾಲು ನೇರವಾಗಿದೆಯೇ ಅಥವಾ ತುದಿಯಲ್ಲಿ ಬಾಗಿದೆಯೇ ಎಂಬುದನ್ನು ನೋಡಿ. ಎಲೆ ಇದ್ದು 7 ಬಾಗಿದ್ದರೆ ಅದು ನಿಜಕ್ಕೂ ವಿರಳ ನಾಣ್ಯ. ಅದನ್ನು ಬರಿಗೈಯಲ್ಲಿ ಮುಟ್ಟಲೂ ಬೇಡಿ.

ಸಂತೆಪೇಟೆ ಅವರ ಉತ್ತರ:

ಹೊದಿಕೆ ಹಾನಿಕರವೇ ಎಂದು ತಿಳಿಯಲು ಸರಳವಾದ ತಂತಿ ಪರೀಕ್ಷೆಯಿದೆ. ತಾಮ್ರದ ತಂತಿಯನ್ನು ಕಾಯಿಸಿ, ಪ್ಲಾಸ್ಟಿಕ್ಕಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದಾಗ ಹಸಿರು ಬಣ್ಣ ಬಂದರೆ ಅದು ಪಿವಿಸಿ, ಅಂದರೆ ನಾಣ್ಯವನ್ನು ಕೆಡಿಸುವ ಬಗೆಯ ಪ್ಲಾಸ್ಟಿಕ್. 1965ರ ಹಾಳೆಯ ಅಂಚಿನಿಂದ ಸಣ್ಣ ಚೂರು ತೆಗೆದು ನೋಡಿ. ಬೆಳ್ಳಿಯ ಮೇಲಿನ ಕಂದು ಉಂಗುರವನ್ನು ಪೇಟೆಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿ ತೆಗೆಯಬಹುದು.

ರಸಾಯನಪ್ರಿಯ ಅವರ ಉತ್ತರ:

ಸಂತೆಪೇಟೆಯವರು ಹೇಳಿದ ಎರಡನ್ನೂ ಇಲ್ಲಿ ಪಾಲಿಸಬಾರದೆಂದು ವಿನಂತಿಸುತ್ತೇನೆ, ಕಾರಣಗಳನ್ನೂ ತಿಳಿಸುತ್ತೇನೆ.

ತಂತಿ ಪರೀಕ್ಷೆ ತೋರಿಸುವುದು ಕ್ಲೋರಿನ್ ಇದೆ ಎಂಬುದನ್ನು ಮಾತ್ರ, ಪಿವಿಸಿಯನ್ನು ಅಲ್ಲ. ಪ್ಲಿಯೋಫಿಲ್ಮ್ ಎಂಬುದು ಗುಡ್‌ಇಯರ್ ಕಂಪನಿ ತಯಾರಿಸಿದ ರಬ್ಬರ್ ಹೈಡ್ರೋಕ್ಲೋರೈಡ್ ಹಾಳೆಯ ಹೆಸರು, ಅದರಲ್ಲೂ ಕ್ಲೋರಿನ್ ಇರುತ್ತದೆ. ಎರಡೂ ಹಸಿರು ಜ್ವಾಲೆಯನ್ನೇ ಕೊಡುವುದರಿಂದ ಈ ಪರೀಕ್ಷೆಯಿಂದ ನಿಮಗೆ ಯಾವ ಹೊಸ ತಿಳಿವಳಿಕೆಯೂ ಸಿಗದು. ಹಾಳೆಯ ಅಂಚು ಹಾಳಾಗುವುದು ಮಾತ್ರ ಖಚಿತ. ಅದರ ಹೊಗೆಯೂ ಒಳ್ಳೆಯದಲ್ಲ.

ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಆಮ್ಲ ಮತ್ತು ಥಯೋಯೂರಿಯಾ ಇರುತ್ತವೆ. ಅದು ಕಂದು ಪದರದ ಜೊತೆಗೆ ಅದರಡಿಯ ಬೆಳ್ಳಿಯನ್ನೂ ಸ್ವಲ್ಪ ತಿನ್ನುತ್ತದೆ. ಪ್ರೂಫ್‌ಲೈಕ್ ನಾಣ್ಯದ ಬೆಲೆ ಇರುವುದೇ ಆ ಕನ್ನಡಿಯಂಥ ಮೇಲ್ಮೈಯಲ್ಲಿ, ಅದು ಒಮ್ಮೆ ಹೋದರೆ ಮರಳಿ ಬಾರದು. ಮನೆಯಲ್ಲಿ ಬೆಳ್ಳಿ ಪಾತ್ರೆ ಬೆಳಗುವ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಇವಾವುದನ್ನೂ ನಾಣ್ಯದ ಹತ್ತಿರ ತರಬೇಡಿ. ರಟ್ಟಿನಿಂದಲೂ ಗಾಳಿಯಿಂದಲೂ ಬಂದ ಗಂಧಕ ಬೆಳ್ಳಿಯೊಡನೆ ಸೇರಿ ಆದ ಉಂಗುರ ಅದು. ಸಮನಾಗಿ, ತೆಳುವಾಗಿ ಇದ್ದರೆ ಅನೇಕ ಸಂಗ್ರಾಹಕರು ಅದನ್ನು ಇಷ್ಟಪಡುತ್ತಾರೆ.

ನಿಜವಾಗಿ ಅವಸರದ ಕೆಲಸ 1947ರ ನಾಣ್ಯದ್ದು. ಮೆತ್ತನೆಯ ಪಿವಿಸಿ ಫ್ಲಿಪ್ಪುಗಳಲ್ಲಿ ಹಾಳೆಯನ್ನು ಮೃದುವಾಗಿಡಲು ಬೆರೆಸಿದ ಎಣ್ಣೆಯಂಥ ಪದಾರ್ಥ ಕಾಲಕ್ರಮೇಣ ಹೊರಗೆ ಒಸರುತ್ತದೆ. ಪಿವಿಸಿ ಒಡೆದಾಗ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಇದು ನಾಣ್ಯದಲ್ಲಿರುವ ತಾಮ್ರವನ್ನು ಹಿಡಿದಾಗ ಆ ಹಸಿರು ಅಂಟು ಉಂಟಾಗುತ್ತದೆ. ತಡಮಾಡಿದಷ್ಟೂ ಲೋಹದಲ್ಲಿ ಗುಳಿ ಬೀಳುತ್ತದೆ. ಔಷಧ ಅಥವಾ ಪ್ರಯೋಗಾಲಯದ ಅಂಗಡಿಯಲ್ಲಿ ಶುದ್ಧ ಅಸಿಟೋನ್ ಕೇಳಿ ತನ್ನಿ. ಬಣ್ಣ, ಸುಗಂಧ ಬೆರೆಸಿದ ನೇಲ್ ಪಾಲಿಶ್ ರಿಮೂವರ್ ಬೇಡ. ಗಾಜಿನ ಬಟ್ಟಲಲ್ಲಿ, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರದಲ್ಲಿ ನಾಣ್ಯವನ್ನು ಮುಳುಗಿಸಿಡಿ. ಉಜ್ಜಬೇಡಿ. ಅಸಿಟೋನ್ ಬದಲಿಸಿ ಇನ್ನೊಮ್ಮೆ ಮುಳುಗಿಸಿ, ಅಂಚನ್ನು ಹಿಡಿದು ಹೊರತೆಗೆದು ತಾನಾಗಿಯೇ ಆರಲು ಬಿಡಿ. ಅಸಿಟೋನ್ ಅಂಟನ್ನು ಕರಗಿಸುತ್ತದೆ, ಬೆಳ್ಳಿಗೆ ಏನನ್ನೂ ಮಾಡುವುದಿಲ್ಲ, ಬೆಳ್ಳಿಯ ಸಹಜ ಕಪ್ಪನ್ನೂ ತೆಗೆಯುವುದಿಲ್ಲ. ಕಂಚಿನ ಒಂದು ಸೆಂಟಿನ ವಿಷಯದಲ್ಲಿ ಮಾತ್ರ ನಾನು ಹಿಂಜರಿಯುತ್ತೇನೆ, ಏಕೆಂದರೆ ತಾಮ್ರದ ಮೇಲಿನ ಬಣ್ಣ ಕೆಲವೊಮ್ಮೆ ಬದಲಾಗುತ್ತದೆ.

ನಂತರ ಪಾಲಿಯೆಸ್ಟರ್ ಹಾಳೆಯ ಫ್ಲಿಪ್ಪು ಅಥವಾ ಗಟ್ಟಿ ಅಕ್ರಿಲಿಕ್ ಡಬ್ಬಿ ಬಳಸಿ. ಒಡೆಯುತ್ತಿರುವ ಸೆಲೊಫೇನ್ ಲಕೋಟೆಯನ್ನು ಎಸೆಯಬೇಡಿ. ಅದನ್ನೂ ರಟ್ಟನ್ನೂ ಸೇರಿಸಿ ದೊಡ್ಡ ಪಾಲಿಯೆಸ್ಟರ್ ಲಕೋಟೆಯಲ್ಲಿಡಿ. ಎಲ್ಲವನ್ನೂ ಮರದ ಪೆಟ್ಟಿಗೆಯಿಂದ ಹೊರಗೆ ತನ್ನಿ, ಮರದಿಂದ ಆಮ್ಲದ ಆವಿ ಬರುತ್ತದೆ. ರಬ್ಬರ್ ಮುಚ್ಚಳವಿಲ್ಲದ, ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಅದರ ಬಣ್ಣ ನೋಡಿಕೊಂಡು ಮಳೆಗಾಲದಲ್ಲಿ ಆಗಾಗ ಬದಲಿಸುತ್ತಿರಿ. ನುಸಿ ಗುಳಿಗೆ ಇರುವ ಬೀರು ಈ ಕೆಲಸಕ್ಕೆ ಬೇಡ.

ಕಡಲತಡಿ ಅವರ ಪ್ರತಿಕ್ರಿಯೆ:

ಎಲ್ಲರಿಗೂ ಕೃತಜ್ಞತೆಗಳು. 1947ರ ನಾಣ್ಯವನ್ನು ಅಸಿಟೋನಿನಲ್ಲಿ ಇಟ್ಟು ತೆಗೆದೆ. ಅಂಟು ಪೂರ್ತಿ ಹೋಗಿದೆ, ಅದರಡಿ ಒಂದೆರಡು ಸೂಜಿಮೊನೆಯಷ್ಟು ಗುಳಿಗಳಿವೆ. ಎಲೆ ಇದೆ, ಆದರೆ 7 ನೇರವಾಗಿದೆ. 1955ರ ಡಾಲರಿನ ಬಲಗಡೆ ನೀರಿನ ಗೆರೆಗಳೆಲ್ಲ ಇವೆ. 1965ರ ಎರಡೂ ಡಾಲರುಗಳಲ್ಲಿ ಮಣಿಗಳು ಸಣ್ಣವು, ಒಂದರಲ್ಲಿ 5 ಚೂಪು, ಇನ್ನೊಂದರಲ್ಲಿ ಮೊಂಡು.

1954ರ ಸೆಂಟಿನಲ್ಲಿ ಹೆಗಲ ಮೇಲೆ ಗೆರೆಗಳು ಕಾಣುತ್ತಿಲ್ಲ, ಐ ಅಕ್ಷರದ ಎರಡೂ ತುದಿಗಳು ಅಗಲವಾಗಿ ಹರಡಿವೆ. ಪಕ್ಕದಲ್ಲಿ 1955ರ ಸೆಂಟನ್ನು ಇಟ್ಟು ನೋಡಿದಾಗ ವ್ಯತ್ಯಾಸ ಸ್ಪಷ್ಟವಾಗಿದೆ. ಇದನ್ನು ಪ್ರಮಾಣೀಕರಿಸಲು ಕಳುಹಿಸಬೇಕೇ?

ಭೂತಗನ್ನಡಿ ಅವರ ಉತ್ತರ:

ನೀವು ಹೇಳಿದ ಎರಡೂ ಲಕ್ಷಣಗಳು ಒಂದನ್ನೊಂದು ಸಮರ್ಥಿಸುತ್ತವೆ. ಬಹಳ ಸಂತೋಷದ ಸುದ್ದಿ. ಆರೂ ನಾಣ್ಯಗಳ ಹೊಳಪು ಒಂದೇ ತೆರನಾಗಿದ್ದರೆ ಸೆಟ್ಟು ಮೂಲದ್ದೇ ಎಂದು ನಂಬಲು ಅಡ್ಡಿಯಿಲ್ಲ.

ಮಾರುವ ಯೋಚನೆ ಇಲ್ಲದಿದ್ದರೆ ಕಳುಹಿಸಬೇಡಿ, ಏಕೆಂದರೆ ಪ್ರಮಾಣಪತ್ರಕ್ಕಾಗಿ ಸೆಂಟನ್ನು ರಟ್ಟಿನಿಂದ ಬೇರ್ಪಡಿಸಬೇಕಾಗುತ್ತದೆ, ಆಮೇಲೆ ಆ ಸೆಟ್ ಐದು ನಾಣ್ಯ ಮತ್ತು ಒಂದು ಖಾಲಿ ತೂತಾಗಿ ಉಳಿಯುತ್ತದೆ. ಮಾರುವುದೇ ಆದರೆ ಕೆನಡಾದ ಖರೀದಿದಾರರಿಗೆ ಚಿರಪರಿಚಿತವಾದುದು ಟೊರಾಂಟೊದಲ್ಲಿ 1986ರಲ್ಲಿ ಆರಂಭವಾದ ನಾಣ್ಯ ಪ್ರಮಾಣೀಕರಣ ಸಂಸ್ಥೆ ಐಸಿಸಿಎಸ್. ಅದು ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಗೆ ಬದಲಾಗಿ ಬಾಗುವ ಪಾರದರ್ಶಕ ಹೋಲ್ಡರಿನಲ್ಲಿ ಚೀಟಿಯೊಂದಿಗೆ ನಾಣ್ಯವನ್ನು ಬೆಸೆದು ಕೊಡುತ್ತದೆ. ನಮ್ಮ ಪುರಾವಸ್ತು ಕಾಯ್ದೆಯ ನೂರು ವರ್ಷಗಳ ಮಿತಿಯೊಳಗೆ ಈ ನಾಣ್ಯ ಬರುವುದಿಲ್ಲ, ಆದರೂ ಕಸ್ಟಮ್ಸ್ ಕಾಗದಪತ್ರಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಹೇಗೇ ಆಗಲಿ, ಸೆಂಟು ರಟ್ಟಿನಲ್ಲಿರುವಾಗಲೇ ಇಡೀ ಸೆಟ್‌ನ ಎರಡೂ ಮುಖಗಳ ಸ್ಪಷ್ಟ ಚಿತ್ರಗಳನ್ನು ಪಕ್ಕದ ಬೆಳಕಿನಲ್ಲಿ ತೆಗೆದು ಇಟ್ಟುಕೊಳ್ಳಿ. ಸಾಧ್ಯವಾದರೆ ಹೆಗಲು ಮತ್ತು ಐ ಅಕ್ಷರದ ಹತ್ತಿರದ ಚಿತ್ರಗಳನ್ನು ಇಲ್ಲಿಯೂ ಹಾಕಿ. 1954ರ ಬಿಳಿ ರಟ್ಟುಗಳನ್ನು ಇಟ್ಟುಕೊಂಡಿರುವ ಉಳಿದವರಿಗೆ ಹೋಲಿಸಿ ನೋಡಲು ನೆರವಾಗುತ್ತದೆ.